ಕಡಲಿನಿಂದ ಪಡೆದ ನಾಡು: ಡಚ್ಚರ ದೇಶದ ಬೇಸಗೆಯ ಪ್ರವಾಸಕ್ಕೆ ಒಂದು ಚಾರಿತ್ರಿಕ ಪೀಠಿಕೆ

ಬೇಸಗೆಯ ರಜೆ ಬಂದಿತೆಂದರೆ ಸಂತೆಮರಹಳ್ಳಿ, ಯಳಂದೂರು, ಚಾಮರಾಜನಗರಗಳ ಸುತ್ತಣ ಕುಟುಂಬಗಳು ಹಿಂದೆ ಬಿಳಿಗಿರಿರಂಗನ ಬೆಟ್ಟಕ್ಕೋ ನಂಜನಗೂಡಿಗೋ ಹೋಗಿಬರುತ್ತಿದ್ದುವು. ಅನುಕೂಲವಿದ್ದವರು ರಾಮೇಶ್ವರಕ್ಕೂ ಕಾಶಿಗೂ ಹೊರಡುತ್ತಿದ್ದರು. ಈಗ ಕಾಲವು ಬದಲಾಗಿದೆ. ಮಗನೋ ಮಗಳೋ ಯೂರೋಪಿನಲ್ಲಿ ಉದ್ಯೋಗದಲ್ಲಿರುವ ಮನೆಗಳು ನಮ್ಮ ಸೀಮೆಯಲ್ಲಿಯೂ ಅಪೂರ್ವವಾಗಿ ಉಳಿದಿಲ್ಲ. ಆಮ್‌ಸ್ಟರ್‌ಡಾಮ್, ಐಂಡ್‌ಹೋವನ್ ಮುಂತಾದ ನಗರಗಳಲ್ಲಿ ಕನ್ನಡಿಗರ ಸಂಸಾರಗಳಿವೆ. ಅವರ ತಂದೆತಾಯಿಗಳು, ಅತ್ತೆಮಾವಂದಿರು ಬೇಸಗೆಯಲ್ಲಿ ಹೊರಟು ಒಂದೆರಡು ತಿಂಗಳು ಅಲ್ಲಿದ್ದು ಬರುವುದುಂಟು. ಹಾಗೆ ಬಂದವರು ಕಾಲುವೆಗಳನ್ನೂ ಗಾಳಿಯಂತ್ರಗಳನ್ನೂ ಹೂವಿನ ಹೊಲಗಳನ್ನೂ ಬಣ್ಣಿಸುತ್ತಾರೆ. ಆದರೆ ಆ ಕಾಲುವೆಯು ಏಕೆ ಬಂದಿತು, ಆ ಸೌಧಕ್ಕೆ ಹಣವು ಎಲ್ಲಿಂದ ಒದಗಿತು ಎಂಬುದನ್ನು ಅರಿತು ನೋಡಿದಲ್ಲಿ ನೋಟಕ್ಕೆ ಅರ್ಥವು ಕೂಡಿಬರುವುದು. ಆ ದೇಶದ ಚರಿತ್ರೆಯಲ್ಲಿ ನಮ್ಮ ನಾಡಿನ ಎಳೆಗಳೂ ಕೆಲವು ಸೇರಿರುವುವು.

ಸಾಮಾನ್ಯವಾಗಿ ಹಾಲೆಂಡ್ ಎಂದು ಕರೆಯಲ್ಪಡುವ ಈ ದೇಶದ ನಿಜವಾದ ಹೆಸರು ನೆದರ್‌ಲ್ಯಾಂಡ್ಸ್, ಎಂದರೆ ತಗ್ಗಿನ ನಾಡುಗಳು. ಹಾಲೆಂಡ್ ಎಂಬುದು ಅದರ ಎರಡು ಪ್ರಾಂತಗಳ ಹೆಸರು ಮಾತ್ರ. ಮರಾಠಿ ಕಾಗದಪತ್ರಗಳಲ್ಲಿ ಈ ಜನರು ವಲಂದೇಜರು. ಇಂಗ್ಲಿಷಿನ ಮೂಲಕ ನಮಗೆ ಡಚ್ಚರು. ವಿಸ್ತೀರ್ಣದಲ್ಲಿ ಇದು ಕರ್ನಾಟಕದ ನಾಲ್ಕರಲ್ಲೊಂದು ಪಾಲೂ ಆಗದು. ಅದರಲ್ಲಿಯೂ ಸುಮಾರು ಕಾಲು ಭಾಗ ನೆಲವು ಸಮುದ್ರದ ಮಟ್ಟಕ್ಕಿಂತ ಕೆಳಗಿರುವುದು. ಆಮ್‌ಸ್ಟರ್‌ಡಾಮಿನ ಸ್ಕಿಪೋಲ್ ವಿಮಾನನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನು ಮೊದಲ ಹೆಜ್ಜೆಯನ್ನಿಡುವುದೇ ಒಂದು ಹಳೆಯ ಸರೋವರದ ತಳದಲ್ಲಿ.

ಆ ಸರೋವರದ ಹೆಸರು ಹಾರ್ಲೆಮ್ಮರ್‌ಮೇರ್. ಗಾಳಿ ಬೀಸಿದಾಗಲೆಲ್ಲ ಅದರ ಅಲೆಗಳು ದಂಡೆಯನ್ನು ಕೊರೆದು ಊರುಗಳನ್ನು ನುಂಗುತ್ತಿದ್ದುವು. 160 ಗಾಳಿಯಂತ್ರಗಳಿಂದ ಅದನ್ನು ಬತ್ತಿಸಬಹುದೆಂದು ಯಾನ್ ಲೇಖ್‌ವಾಟರ್ ಎಂಬ ಯಂತ್ರಶಿಲ್ಪಿಯು 1641ರಲ್ಲಿಯೇ ಗ್ರಂಥಮುಖೇನ ಸೂಚಿಸಿದನು. ಆದರೆ ಕಾರ್ಯವು ಕೈಗೂಡಲು ಇನ್ನೂರು ವರ್ಷಗಳು ಬೇಕಾದುವು. 1836ರ ಬಿರುಗಾಳಿಗಳಲ್ಲಿ ನೀರು ಒಂದು ಕಡೆ ಆಮ್‌ಸ್ಟರ್‌ಡಾಮಿನ ಸಮೀಪಕ್ಕೂ ಮತ್ತೊಂದು ಕಡೆ ಲೈಡನ್ನಿನ ಸಮೀಪಕ್ಕೂ ನುಗ್ಗಿಬಂದ ಮೇಲೆ ಸರ್ಕಾರವು ಎಚ್ಚೆತ್ತಿತು. 1849ರಿಂದ 1852ರವರೆಗೆ ಮೂರು ಉಗಿಯಂತ್ರಗಳು ದುಡಿದು ಸುಮಾರು 18,000 ಹೆಕ್ಟೇರ್ ನೆಲವನ್ನು ಹೊರಗೆಡಹಿದುವು. ಆ ಯಂತ್ರಗಳಲ್ಲೊಂದಕ್ಕೆ ಲೇಖ್‌ವಾಟರನ ಹೆಸರನ್ನೇ ಇಟ್ಟರು. ಮತ್ತೊಂದಾದ ಕ್ರೂಕ್ವಿಯಸ್ ಯಂತ್ರದ ಮನೆಯು ಇಂದು ವಸ್ತುಸಂಗ್ರಹಾಲಯವಾಗಿದೆ.

ಉಗಿಯಂತ್ರಕ್ಕೆ ಮುಂಚೆ ಈ ಕೆಲಸವನ್ನು ಮಾಡಿದುದು ಗಾಳಿ. ಆಮ್‌ಸ್ಟರ್‌ಡಾಮಿನ ಉತ್ತರಕ್ಕಿರುವ ಬೇಮ್‌ಸ್ಟರ್ ಎಂಬ ಸರೋವರವು 1612ರಲ್ಲಿ ನಲವತ್ತಕ್ಕೂ ಮಿಕ್ಕ ಗಾಳಿಯಂತ್ರಗಳ ಬಲದಿಂದ ಬತ್ತಿ ಹುಲ್ಲುಗಾವಲಾಯಿತು. ರಾಟರ್‌ಡಾಮಿನ ಬಳಿ ಕಿಂಡರ್‌ಡೈಕ್ ಎಂಬಲ್ಲಿ 1740ರ ಸುಮಾರಿಗೆ ಕಟ್ಟಿದ 19 ಗಾಳಿಯಂತ್ರಗಳು ಇಂದಿಗೂ ಸಾಲಾಗಿ ನಿಂತಿವೆ. ಅವುಗಳ ವಿಧಾನವು ನಮ್ಮ ರೈತರಿಗೆ ತಿಳಿಯಲಾಗದುದೇನೂ ಅಲ್ಲ. ರೆಕ್ಕೆಗಳು ತಿರುಗಿದಾಗ ಕೆಳಗಣ ದೊಡ್ಡ ಚಕ್ರವು ಬೋಗುಣಿಯಂತೆ ನೀರನ್ನು ಮೊಗೆದು ಮೇಲಣ ಕಾಲುವೆಗೆ ಚೆಲ್ಲುತ್ತದೆ. ಒಂದು ಯಂತ್ರವು ಎತ್ತುವುದು ಒಂದು ಆಳಿನ ಎತ್ತರಕ್ಕಿಂತ ಕಡಮೆ. ಆದುದರಿಂದ ತಗ್ಗು ಹೆಚ್ಚಾದಲ್ಲಿ ಒಂದರ ಮೇಲೊಂದು ಮೆಟ್ಟಿಲಿನಂತೆ ಯಂತ್ರಗಳನ್ನಿಟ್ಟು ನೀರನ್ನು ಕಡೆಗೆ ನದಿಗೆ ಸೇರಿಸುತ್ತಾರೆ. ನಮ್ಮ ಏತವೂ ಕಪಿಲೆಯೂ ನೀರನ್ನು ಹೊಲಕ್ಕೆ ತರುವುದಕ್ಕಾಗಿ ಹುಟ್ಟಿದುವು. ಅವರ ಯಂತ್ರಗಳು ನೀರನ್ನು ಹೊಲದಿಂದ ಹೊರಗೆ ಹಾಕುವುದಕ್ಕಾಗಿ ಹುಟ್ಟಿದುವು. ಪ್ರಯೋಜನವು ವಿಪರೀತವಾದರೂ ಎರಡೂ ಕಡೆಗಳಲ್ಲಿ ಬಾಳು ನಿಂತಿರುವುದು ನೀರನ್ನು ಅಂಕೆಯಲ್ಲಿಡುವ ಶಕ್ತಿಯ ಮೇಲೆಯೇ.

ಯಂತ್ರಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದುದು ಅದರ ಹಿಂದಣ ವ್ಯವಸ್ಥೆ. ಒಬ್ಬನು ತನ್ನ ಹೊಲದ ಮುಂದಣ ಏರಿಯನ್ನು ಭದ್ರವಾಗಿ ಕಟ್ಟಿಕೊಂಡು ನೆರೆಯವನು ತನ್ನದನ್ನು ಕಡೆಗಣಿಸಿದರೆ ಇಬ್ಬರೂ ಮುಳುಗುವರು. ಈ ಸತ್ಯವನ್ನು ಮನಗಂಡು ಅಲ್ಲಿಯ ರೈತರು ಹದಿಮೂರನೆಯ ಶತಮಾನದ ವೇಳೆಗೇ ಜಲಮಂಡಲಿಗಳನ್ನು ಏರ್ಪಡಿಸಿಕೊಂಡರು. ಏರಿಯ ಇಷ್ಟು ಮಾರು ಇಂಥವನ ಪಾಲು ಎಂದು ಗೊತ್ತುಮಾಡಿದ್ದರು. ಹಳೆಯ ಕಟ್ಟಳೆಯೊಂದರ ಪ್ರಕಾರ, ತನ್ನ ಪಾಲಿನ ಏರಿಯನ್ನು ಕಾಪಾಡಲಾರದವನು ಅದರ ಮೇಲೆ ಗುದ್ದಲಿಯನ್ನು ನೆಟ್ಟು ಹೊರಟುಹೋಗಬೇಕು. ಆ ಗುದ್ದಲಿಯನ್ನು ಕಿತ್ತವನಿಗೆ ಅವನ ಭೂಮಿಯೂ ಸಲ್ಲುವುದು, ಏರಿಯ ಹೊಣೆಯೂ ಸಲ್ಲುವುದು. ಏರಿ ಕಟ್ಟಲೊಲ್ಲದವನು ಊರು ಬಿಡಬೇಕೆಂಬುದು ಅವರಲ್ಲಿ ಗಾದೆಯೇ ಆಗಿರುವುದು. ಅರಸರು ಬದಲಾದರು, ಮತಕಲಹಗಳು ನಡೆದುವು, ಸ್ಪೇನಿನೊಡನೆ ಎಂಬತ್ತು ವರ್ಷಗಳ ಯುದ್ಧವೂ ಆಯಿತು. ಜಲಮಂಡಲಿಗಳು ಮಾತ್ರ ಉಳಿದುವು. ಸಾವಿರಾರು ಇದ್ದುವು ಕೂಡಿಕೂಡಿ ಈಗ 21 ಆಗಿವೆ. ಇಂದಿಗೂ ಅವುಗಳಿಗೆ ಪ್ರತ್ಯೇಕವಾದ ಚುನಾವಣೆ, ಪ್ರತ್ಯೇಕವಾದ ತೆರಿಗೆ.

ಇಷ್ಟು ಎಚ್ಚರವಿದ್ದರೂ ಒಮ್ಮೆ ಮೈಮರೆತುದಕ್ಕೆ ತೆತ್ತ ಬೆಲೆ ದೊಡ್ಡದು. ಮಹಾಯುದ್ಧದ ತರುವಾಯ ಏರಿಗಳು ದುರ್ಬಲವಾಗಿದ್ದ ಕಾಲದಲ್ಲಿ, 1953ರ ಜನವರಿ 31ರ ರಾತ್ರಿ, ಬಿರುಗಾಳಿಯೂ ಹುಣ್ಣಿಮೆಯ ಭರತವೂ ಸೇರಿ ಕಡಲು ನೈಋತ್ಯದ ದ್ವೀಪಗಳ ಮೇಲೆ ನುಗ್ಗಿತು. 1,836 ಜನರು ಮಡಿದರು. ಮುಂದಣ ನಾಲ್ಕು ದಶಕಗಳಲ್ಲಿ ಡೆಲ್ಟಾ ಕಾಮಗಾರಿ ಎಂಬ ಹೆಸರಿನಿಂದ ಕಡಲ ಬಾಯಿಗಳಿಗೆ ಕಟ್ಟಿದ ಮಹಾದ್ವಾರಗಳನ್ನು ಇಂದು ಪ್ರವಾಸಿಗರು ಬೆರಗಾಗಿ ನೋಡುತ್ತಾರೆ. ಆ ಬೆರಗಿನ ಅಡಿಯಲ್ಲಿ ಆ ರಾತ್ರಿಯ ಸಾವುಗಳಿವೆ ಎಂಬುದು ಅವರ ನೆನಪಿನಲ್ಲಿರಬೇಕು.

ಹಳ್ಳಿಗಾಡಿನಿಂದ ನಗರಕ್ಕೆ ಬಂದಲ್ಲಿ ಇತಿಹಾಸವು ಬೇರೊಂದು ಮುಖವನ್ನು ತೋರುವುದು. ಆಮ್‌ಸ್ಟೆಲ್ ನದಿಗೆ ಕಟ್ಟಿದ ಒಡ್ಡಿನಿಂದ ಆಮ್‌ಸ್ಟರ್‌ಡಾಮ್ ಎಂಬ ಹೆಸರು. ನೆಲವು ಕೆಸರಾದುದರಿಂದ ಮರದ ಕಂಬಗಳನ್ನು ನೆಲಕ್ಕೆ ಹೊಡೆದು ಅವುಗಳ ಮೇಲೆ ಮನೆಗಳನ್ನು ಕಟ್ಟಿದರು. 1648ರಲ್ಲಿ ಆರಂಭವಾದ ಪುರಸಭೆಯ ಸೌಧ—ಇಂದಿನ ಅರಮನೆ—13,659 ಕಂಬಗಳ ಮೇಲೆ ನಿಂತಿರುವುದೆಂದು ಅಲ್ಲಿಯ ಮಕ್ಕಳೂ ಹೇಳುವರು. ಆ ಸೌಧದ ಹಿಂಬದಿಯ ಶಿಖರದಲ್ಲಿ ಭೂಖಂಡಗಳ ಜನರು ತಮ್ಮ ಸರಕುಗಳನ್ನು ನಗರದೇವತೆಯ ಪದತಲಕ್ಕೆ ತಂದೊಪ್ಪಿಸುತ್ತಿರುವ ಶಿಲ್ಪವುಂಟು. ಶಿಲ್ಪಿಯು ಅದನ್ನು ಕಾಣಿಕೆಯೆಂಬಂತೆ ಕೆತ್ತಿದ್ದಾನೆ. ಇತಿಹಾಸವು ಅದನ್ನು ಹಾಗೆ ಒಪ್ಪುವುದಿಲ್ಲ.

1602ರಲ್ಲಿ ಸ್ಥಾಪಿತವಾದ ಡಚ್ ಈಸ್ಟ್ ಇಂಡಿಯಾ ಕಂಪೆನಿಯು ಮೆಣಸು, ಲವಂಗ, ಜಾಯಿಕಾಯಿ, ಬಟ್ಟೆಗಳ ವ್ಯಾಪಾರದಿಂದ ಆ ನಗರವನ್ನು ತುಂಬಿತು. ನಮ್ಮ ಕರಾವಳಿಯ ಬಸರೂರು ಅಂದು ಕೆಳದಿಯ ನಾಯಕರ ಆಳ್ವಿಕೆಯಲ್ಲಿದ್ದ ಅಕ್ಕಿಯ ರೇವು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಡಚ್ಚರು ಅಲ್ಲಿ ಕೋಠಿಯನ್ನಿಟ್ಟು, 1663ರಲ್ಲಿ ಪೋರ್ತುಗೀಸರಿಂದ ಕಸಿದುಕೊಂಡ ಕೊಚ್ಚಿಯ ಮುಂತಾದ ಠಾಣ್ಯಗಳಿಗೆ ಅಕ್ಕಿಯನ್ನು ಕೊಳ್ಳುತ್ತಿದ್ದರು. ಚೋಳಮಂಡಲ ತೀರದ ಬಣ್ಣದ ಅರಿವೆಯು ಫ್ರೀಸ್‌ಲ್ಯಾಂಡಿನ ಹಿಂಡೆಲೋಪನ್ ಎಂಬ ಸಣ್ಣ ರೇವಿನ ಹೆಂಗಸರ ಹಬ್ಬದ ಉಡುಗೆಯಾಯಿತು. ನಮ್ಮ ಅಜ್ಜಿಯರು ಚೀಟಿಯೆಂದ ಬಟ್ಟೆಯನ್ನು ಅವರು ಸಿಟ್ಸ್ ಎನ್ನುವರು, ಶಬ್ದವೊಂದೇ. ಇದು ವ್ಯಾಪಾರದ ಸೌಮ್ಯವಾದ ಪಾರ್ಶ್ವ. ಇದೇ ಕಂಪೆನಿಯು ಚೋಳಮಂಡಲ, ಮಲಬಾರ್ ತೀರಗಳಿಂದ ಮನುಷ್ಯರನ್ನೂ ಕೊಂಡು ಗುಲಾಮರನ್ನಾಗಿ ಸಿಂಹಳಕ್ಕೂ ಬಟಾವಿಯಕ್ಕೂ ಆಫ್ರಿಕದ ಕೇಪಿಗೂ ಸಾಗಿಸಿತು. 2023ರ ಜುಲೈ 1ರಂದು ಆ ದೇಶದ ದೊರೆಯಾದ ವಿಲ್ಲೆಮ್ ಅಲೆಕ್ಸಾಂಡರನು ಗುಲಾಮಗಿರಿಗಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದನು.

ಚಾಮರಾಜನಗರದ ಸೀಮೆಗೇ ತಗಲಿದ ಪ್ರಸಂಗವೊಂದು ಇಲ್ಲಿ ಸ್ಮರಣೀಯವಾಗಿದೆ. ಮಲಬಾರಿನಲ್ಲಿ ಬಲಗುಂದಿದ ಡಚ್ಚರು 1789ರಲ್ಲಿ ಕೊಡುಂಗಲ್ಲೂರು, ಆಯಕೋಟೆ ಎಂಬ ಎರಡು ಕೋಟೆಗಳನ್ನು ಮೂರು ಲಕ್ಷ ರೂಪಾಯಿಗಳಿಗೆ ತಿರುವಾಂಕೂರಿನ ರಾಜನಿಗೆ ಮಾರಿದರು. ಕೊಡುಂಗಲ್ಲೂರು ತನಗೆ ಕಪ್ಪವೊಪ್ಪಿಸುವ ಕೊಚ್ಚಿಯ ರಾಜನದು, ಅದನ್ನು ಮಾರಲು ಡಚ್ಚರಿಗೆ ಹಕ್ಕಿಲ್ಲವೆಂದು ಟಿಪ್ಪು ಸುಲ್ತಾನನು ವಾದಿಸಿದನು. ಆ ವರ್ಷದ ಡಿಸೆಂಬರ್ 29ರಂದು ತಿರುವಾಂಕೂರಿನ ಗಡಿಗೋಡೆಯ ಮೇಲೆ ಮೈಸೂರಿನ ಸೈನ್ಯವು ಬಿದ್ದಿತು. ತಿರುವಾಂಕೂರು ಇಂಗ್ಲಿಷರ ಮಿತ್ರರಾಜ್ಯವಾದುದರಿಂದ ಮೂರನೆಯ ಮೈಸೂರು ಯುದ್ಧವು ಮೊದಲಾಯಿತು. ಯುದ್ಧಕ್ಕೆ ಕಾರಣಗಳು ಬಹುವಿಧವಾದರೂ ಸಮೀಪದ ನಿಮಿತ್ತವು ಈ ಕ್ರಯವೇ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ದಂಡು ಅಂದು ಅರಿಕುಠಾರವೆಂದು ಹೆಸರಾಗಿದ್ದ ಚಾಮರಾಜನಗರದ ದಕ್ಷಿಣದ ಬೆಟ್ಟಗಳಲ್ಲಿ ಗಜ್ಜಲಹಟ್ಟಿಯ ಕಣಿವೆಯನ್ನಿಳಿದು ಸತ್ಯಮಂಗಲದ ಮೇಲೆ ಹೋಯಿತು. 1792ರ ಸಂಧಿಯಲ್ಲಿ ಮೈಸೂರು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಕಡಲತೀರದಲ್ಲಿ ನಡೆದ ಮೂರು ಲಕ್ಷದ ಕ್ರಯಕ್ಕೂ ಗಟ್ಟದ ಮೇಲಣ ರೈತನ ಕಷ್ಟಕ್ಕೂ ಇಂತು ನಂಟಾಯಿತು.

ಆದರೆ ಕೊಂಡುದು, ಮಾರಿದುದು ಇಷ್ಟರಲ್ಲಿಯೇ ಡಚ್ಚರ ಕಥೆ ಮುಗಿಯುವುದಿಲ್ಲ. ವಿದ್ಯಾಪ್ರಿಯರು ಲೈಡನ್ ನಗರವನ್ನು ಕಾಣದೆ ಬರಬಾರದು. ಸ್ಪೇನಿನ ಸೈನ್ಯವು ಮುತ್ತಿಗೆ ಹಾಕಿ ಊರನ್ನು ಹಸಿವಿನಿಂದ ಕೊಲ್ಲುತ್ತಿದ್ದಾಗ ಡಚ್ಚರು ತಾವು ಕಟ್ಟಿದ ಏರಿಗಳನ್ನು ತಾವೇ ಒಡೆದು, ಪೈರಿನ ಮೇಲೆ ನೀರನ್ನು ಹರಿಸಿ, ಆ ನೀರಿನ ಮೇಲೆ ದೋಣಿಗಳಲ್ಲಿ ರೊಟ್ಟಿಯನ್ನೂ ಮೀನನ್ನೂ ತಂದು 1574ರ ಅಕ್ಟೋಬರ್ 3ರಂದು ಊರನ್ನುಳಿಸಿದರು. ಮರುವರ್ಷ ಅಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಆ ಪಟ್ಟಣದಲ್ಲಿ 1651ರಲ್ಲಿ ಅಚ್ಚಾದ ಏಬ್ರಹಾಂ ರೋಜೇರಿಯಸ್ ಎಂಬ ಪಾದ್ರಿಯ ಗ್ರಂಥದಲ್ಲಿ ಭರ್ತೃಹರಿಯ ಸುಭಾಷಿತಗಳು ಡಚ್ ಭಾಷೆಯಲ್ಲಿ ಕಾಣಿಸಿಕೊಂಡುವು. ಪುಲಿಕಾಟಿನಲ್ಲಿ ಪದ್ಮನಾಭನೆಂಬ ಬ್ರಾಹ್ಮಣನು ಅವನಿಗೆ ಅವುಗಳ ಅರ್ಥವನ್ನು ಹೇಳಿದ್ದನು. ಸಂಸ್ಕೃತ ಕಾವ್ಯವು ಯೂರೋಪಿನ ಭಾಷೆಯೊಂದರಲ್ಲಿ ಅಚ್ಚಾದುದು ಅದೇ ಮೊದಲೆಂದು ವಿದ್ವಾಂಸರ ಮತ. ಕೊಚ್ಚಿಯ ಅಧಿಕಾರಿಯಾಗಿದ್ದ ಫಾನ್ ರೇಡೆಯು ಮಲಬಾರಿನ ಗಿಡಮೂಲಿಕೆಗಳನ್ನು ಕುರಿತು ಸಿದ್ಧಪಡಿಸಿದ ಹನ್ನೆರಡು ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದುವು. ಅದಕ್ಕೆ ಮಲೆಯಾಳದ ವೈದ್ಯನಾದ ಇಟ್ಟಿ ಅಚ್ಯುತನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರೂ ನೆರವಾದರು. ಅವರ ಹೆಸರುಗಳು ಗ್ರಂಥದಲ್ಲಿಯೇ ಇವೆ. ಲೈಡನ್ನಿನಲ್ಲಿ 1865ರಲ್ಲಿ ಸಂಸ್ಕೃತಾಧ್ಯಾಪಕನಾದ ಹೆಂಡ್ರಿಕ್ ಕೆರ್ನನು ವರಾಹಮಿಹಿರನ ಬೃಹತ್ಸಂಹಿತೆಯನ್ನು ಸಂಶೋಧಿಸಿದನು. 1874ರಲ್ಲಿ ಆರ್ಯಭಟೀಯವನ್ನು ವ್ಯಾಖ್ಯಾನಸಮೇತವಾಗಿ ಅಲ್ಲಿಯೇ ಅಚ್ಚುಹಾಕಿಸಿದನು. ದೇಶ ಸುತ್ತುವುದೂ ಕೋಶ ಓದುವುದೂ ಒಂದೇ ಊರಿನಲ್ಲಿ ಕೂಡಿಬರುವ ಸ್ಥಳವಿದು.

ಲೈಡನ್ನಿನ ಸಸ್ಯೋದ್ಯಾನದಲ್ಲಿಯೇ 1594ರಲ್ಲಿ ಕ್ಲೂಸಿಯಸ್ ಎಂಬ ಪಂಡಿತನು ನೆಟ್ಟ ಟ್ಯೂಲಿಪ್ ಗಡ್ಡೆಗಳು ಹೂ ಬಿಟ್ಟುವು. ತುರ್ಕಿಯಿಂದ ಬಂದ ಆ ಹೂವಿನ ಹುಚ್ಚು ಜನರಿಗೆ ಹಿಡಿದು, ಒಂದು ಗಡ್ಡೆಗೆ ಮನೆಯ ಬೆಲೆ ಬಂದು, 1637ರಲ್ಲಿ ಆ ಬೆಲೆಯೆಲ್ಲವೂ ಕುಸಿದುಬಿದ್ದಿತು. ಹೂವು ಮಾತ್ರ ಉಳಿದು ಇಂದು ದೊಡ್ಡ ಕೃಷಿಯಾಗಿದೆ. ನಮ್ಮ ಬೇಸಗೆಯ ಏಪ್ರಿಲ್ ತಿಂಗಳು ಅವರಿಗೆ ವಸಂತ. ಲಿಸ್ಸೆ ಎಂಬ ಊರಿನ ಸುತ್ತ ಆಗ ನೆಲವೆಲ್ಲ ಬಣ್ಣ. ಮೇ ತಿಂಗಳ ನಡುವಿನ ತರುವಾಯ ಹೋದವರಿಗೆ ಅದು ಕಾಣಸಿಗದು. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹಾದಿಯ ಇಕ್ಕೆಲದಲ್ಲಿ ಚೆಂಡುಹೂವೂ ಸೂರ್ಯಕಾಂತಿಯೂ ಅರಳಿದಾಗ ದಾರಿಗರು ಗಾಡಿ ನಿಲ್ಲಿಸಿ ನೋಡುವುದನ್ನು ಬಲ್ಲವರಿಗೆ ಆ ಸೊಬಗನ್ನು ಹೆಚ್ಚಾಗಿ ವರ್ಣಿಸಬೇಕಾಗಿಲ್ಲ.

ಇಂಥ ಯಾತ್ರೆಯಿಂದ ಮನೆಗೆ ತರತಕ್ಕುದು ಏನು? ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರುಗಳ ಶಾಸನಗಳನ್ನು ರೈಸ್ ಪಂಡಿತನು 1898ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದನು. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಅಪರಿಚಿತವಲ್ಲ. ಕೆರೆಯನ್ನು ಕಟ್ಟಿದವನಿಗೂ ಅದನ್ನು ಕಾಪಾಡುವವನಿಗೂ ಬಿಟ್ಟ ಭೂಮಿಗಳವು. ಏರಿಗೆ ಮಣ್ಣು ಹಾಕುವುದು, ಕಾಲುವೆಯ ಹೂಳೆತ್ತುವುದು ಊರಿನ ಕೆಲಸವಾಗಿತ್ತು. ನೀರನ್ನು ಹಂಚಲು ನೀರುಗಂಟಿಯಿದ್ದನು. ಎಂದರೆ ಡಚ್ಚರ ಜಲಮಂಡಲಿಯ ತತ್ತ್ವವು ನಮಗೆ ಹೊಸದಲ್ಲ. ಅವರದು ಎಡೆಬಿಡದೆ ನಡೆದುಬಂದಿತು. ನಮ್ಮಲ್ಲಿ ಅದು ಊರಿನವರ ಕೈಬಿಟ್ಟು ಕಚೇರಿಯ ಕಡತಕ್ಕೆ ಸೇರಿತು. ಕೆರೆಯಂಗಳದಲ್ಲಿ ಜಾಲಿ ಬೆಳೆದುದನ್ನೂ ತೂಬು ಹೂತುಹೋದುದನ್ನೂ ದಿನವೂ ನೋಡುತ್ತ ಇದು ಸರ್ಕಾರದ ಕೆಲಸವೆಂದು ಸುಮ್ಮನಿರುವವರು, ಏರಿಯ ಮೇಲೆ ಗುದ್ದಲಿ ನೆಟ್ಟು ಹೊರಟುಹೋದ ಆ ಡಚ್ ರೈತನಿಗೆ ಸಮಾನರೇ ಸರಿ. ಅವನಾದರೂ ಭೂಮಿಯನ್ನು ಬಿಟ್ಟುಕೊಟ್ಟು ಹೋದನು.

ಆದುದರಿಂದ ಮುಂದಣ ಬೇಸಗೆಯಲ್ಲಿ ಆ ದೇಶಕ್ಕೆ ಹೊರಡುವ ಕುಟುಂಬಗಳು ಮಕ್ಕಳಿಗೆ ಆಮ್‌ಸ್ಟರ್‌ಡಾಮಿನ ಸೌಧವನ್ನು ತೋರಿಸುವಾಗ ಬಸರೂರನ್ನೂ ಗಜ್ಜಲಹಟ್ಟಿಯನ್ನೂ ಹೇಳಲಿ. ಲೈಡನ್ನಿನಲ್ಲಿ ಪದ್ಮನಾಭನನ್ನು ನೆನೆಯಲಿ. ಕಿಂಡರ್‌ಡೈಕಿನಲ್ಲಿ ಏರಿಯ ಮೇಲೆ ನಡೆಯುವಾಗ ಅದನ್ನು ಯಾರು ಕಾಯುವರೆಂದು ವಿಚಾರಿಸಲಿ. ಹಿಂದಿರುಗಿದ ಮೇಲೆ ಒಂದು ದಿನ ಅದೇ ಮಕ್ಕಳನ್ನು ತಮ್ಮ ಊರಿನ ಕೆರೆಯ ಏರಿಯ ಮೇಲೆಯೂ ನಡೆಸಿ, ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಯಾವ ಹಳ್ಳದಿಂದ ಬರುವುದು ಎಂಬುದನ್ನು ತೋರಿಸಲಿ.