ಕಲ್ಲಿನ ಕಮಲ, ಮಗ್ಗದ ಎಳೆ

ಹಳೆಯ ಕಾಲದ ಉಡುಗೆ, ಕುಸುರಿ ಕೆಲಸ, ಕಾವ್ಯಗಳನ್ನು ಸವಿಯುವ ಹವ್ಯಾಸ ನಮ್ಮಲ್ಲಿ ಅನೇಕರಿಗಿದೆ. ದೂರದೇಶದ ಅರಮನೆಗಳ ಚಿತ್ರ ನೋಡಿ ಬೆರಗಾಗುತ್ತೇವೆ. ನಮ್ಮದೇ ಬೆಳಗಾವಿಯ ಕೋಟೆಯನ್ನು ಮಾತ್ರ ನಿಂತು ನೋಡುವುದಿಲ್ಲ.

ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಅದರ ಛಾವಣಿಯಲ್ಲಿ 72 ಎಸಳುಗಳ ಕಲ್ಲಿನ ಕಮಲ ಅರಳಿದೆ. ಅದಕ್ಕೆ ತುಸು ಮೊದಲು ಅದೇ ರಟ್ಟರ ಆಶ್ರಯ ಪಡೆದ ನೇಮಿಚಂದ್ರ ‘ಲೀಲಾವತಿ ಪ್ರಬಂಧ’ ಬರೆದ. ಕನಸಿನಲ್ಲಿ ಕಂಡ ಚೆಲುವೆಯನ್ನು ಹುಡುಕಿ ಹೊರಟ ಕದಂಬ ರಾಜಕುಮಾರನ ಕಥೆಯದು.

ಕೆಲವೇ ಹೆಜ್ಜೆಗಳಾಚೆ ಸಫಾ ಮಸೀದಿ. ಆದಿಲ್‌ಶಾಹಿ ಸರದಾರ ಅಸದ್ ಖಾನ್ 16ನೇ ಶತಮಾನದಲ್ಲಿ ಕಟ್ಟಿಸಿದ್ದು. ಅದರ ಎರಡು ಕಂಬಗಳ ಮೇಲೆ ರಟ್ಟರ ಮತ್ತು ಸೇವುಣರ ಕಾಲದ ಶಾಸನಗಳಿವೆ. ಹಳೆಯ ಕಟ್ಟಡದ ಕಲ್ಲುಗಳು ಇಲ್ಲಿ ಬಳಕೆಯಾದವೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಅವುಗಳನ್ನು ಜಗಳಕ್ಕೆ ಎಳೆಯುವುದೂ ಬೇಡ, ಓದೋಣ.

ಖಾನಾಪುರ ತಾಲೂಕಿನ ಹಲಸಿಯೂ ಇದನ್ನೇ ಹೇಳುತ್ತದೆ. ಕದಂಬರ ಮೃಗೇಶವರ್ಮ 5ನೇ ಶತಮಾನದಲ್ಲಿ ಅಲ್ಲಿ ಜಿನಾಲಯ ಕಟ್ಟಿಸಿದ. ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇಗುಲವೂ ಅದೇ ಊರಲ್ಲಿದೆ. ಒಂದು ನೆಲದ ಸೊಬಗು ಒಂದೇ ಸಮುದಾಯದ ಸೊತ್ತಾಗಿರಲಿಲ್ಲ.

ಉಡುಗೆಯ ಚರಿತ್ರೆಗೆ ವಸ್ತುಸಂಗ್ರಹಾಲಯವೇ ಬೇಕಿಲ್ಲ. ಬೆಳಗಾವಿಯ ಶಹಾಪುರ, ವಡಗಾವಿಗಳು ಸೀರೆ ನೇಯ್ಗೆಗೆ ಹೆಸರಾದ ಬಡಾವಣೆಗಳು. ಕೈಮಗ್ಗದ ಜಾಗವನ್ನು ಬಹುಪಾಲು ವಿದ್ಯುತ್ ಮಗ್ಗ ಆಕ್ರಮಿಸಿದೆ. ಕಸುಬು ಬಿಟ್ಟವರೂ ಇದ್ದಾರೆ. ಸತ್ತ ಸೊಬಗನ್ನು ಹಾಡಿ ಹೊಗಳುವ ನಾವು ಬದುಕಿರುವ ಸೊಬಗಿನ ಬೆಲೆಯಲ್ಲಿ ಚೌಕಾಸಿಗಿಳಿಯುತ್ತೇವೆ.

ಕಮಲ ಕೆತ್ತಿದವನ ಹೆಸರು ಕೇಳಲು ನಾವು ಎಂಟು ನೂರು ವರ್ಷ ತಡವಾಗಿ ಬಂದೆವು. ಸೀರೆ ನೇಯ್ದವರ ಹೆಸರನ್ನು ಇಂದೇ ಕೇಳಬಹುದು.