ಮಾಸ್ ಎಫೆಕ್ಟ್ 3: ಉಪಸಂಹಾರದ ವಿವಾದ

ಕೆನಡಾದ ಬಯೋವೇರ್ ಸಂಸ್ಥೆಯು 2007ರಲ್ಲಿ ಆರಂಭಿಸಿದ ‘ಮಾಸ್ ಎಫೆಕ್ಟ್’ ಎಂಬ ವೈಜ್ಞಾನಿಕ ಕಥಾವಸ್ತುವಿನ ವಿಡಿಯೋ ಗೇಮ್ ಮಾಲೆಯ ತೃತೀಯ ಭಾಗವು 2012ರ ಮಾರ್ಚ್‌ನಲ್ಲಿ ಪ್ರಕಟವಾದಾಗ, ಅದರ ಅಂತ್ಯವನ್ನು ಕುರಿತು ಆಟಗಾರರಲ್ಲಿ ಉಂಟಾದ ತೀವ್ರ ಆಶಾಭಂಗ. ಒಂದು ಭಾಗದಲ್ಲಿ ಯಾರನ್ನು ಉಳಿಸಿದೆವು, ಯಾರನ್ನು ಬಲಿಗೊಟ್ಟೆವು ಎಂಬ ನಿರ್ಣಯಗಳೆಲ್ಲ ಮುಂದಿನದಕ್ಕೆ ಸಂಕ್ರಮಿಸುವುದೇ ಮಾಲೆಯ ವೈಶಿಷ್ಟ್ಯವಾಗಿರಲು, ಕೊನೆಗೆ ನಾಯಕಪಾತ್ರವಾದ ಶೆಪರ್ಡ್ ಶತ್ರುಗಳಾದ ರೀಪರ್ ಯಂತ್ರಗಳ ವಿನಾಶ, ಅವುಗಳ ನಿಯಂತ್ರಣ, ಜೀವ ಮತ್ತು ಯಂತ್ರಗಳ ಸಂಯೋಗವೆಂಬ ಮೂರು ಮಾರ್ಗಗಳ ಮುಂದೆ ನಿಲ್ಲಬೇಕಾದುದೂ, ಅವುಗಳ ಫಲವು ಬಹುಮಟ್ಟಿಗೆ ಬಣ್ಣದಿಂದಷ್ಟೇ ಭಿನ್ನವಾಗಿ ತೋರಿದುದೂ ಅಭಿಮಾನಿಗಳಿಗೆ ವಂಚನೆಯಂತೆ ಕಂಡಿತು. ಈ ಆಕ್ಷೇಪವು ನಿರಾಧಾರವೆನ್ನಲಾಗದು. ಕೆಂಪು, ಹಸಿರು, ನೀಲಿ ಲೇಪದ, ಆದರೆ ಒಂದೇ ರುಚಿಯ ಕೇಕುಗಳನ್ನು ಸಂಸ್ಥೆಗೆ ಕಳುಹಿಸಿದ ಪ್ರತಿಭಟನೆಯಂತೂ ರಸಿಕತೆಯಿಲ್ಲದ್ದಲ್ಲ. ಅದೇ ವರ್ಷದ ಜೂನ್‌ನಲ್ಲಿ ಸಂಸ್ಥೆಯು ಉಚಿತವಾಗಿ ನೀಡಿದ ವಿಸ್ತೃತ ಆವೃತ್ತಿಯು ದೃಶ್ಯಗಳನ್ನು ಹೆಚ್ಚಿಸಿ, ಮೂರನ್ನೂ ನಿರಾಕರಿಸುವ ನಾಲ್ಕನೆಯ ಮಾರ್ಗವನ್ನು ಸೇರಿಸಿತಾದರೂ ಮೂಲ ಅಂತ್ಯವನ್ನು ಬದಲಿಸಲಿಲ್ಲ.