ಯಾವುದು ವಚನ?

ವಚನ ಎಂಬ ಪದಕ್ಕೆ ನಮ್ಮಲ್ಲಿ ಕೈತುಂಬ ಕೆಲಸ. ಕೊಟ್ಟ ಮಾತಿಗೆ ತಪ್ಪಿದವನು ವಚನಭ್ರಷ್ಟ. ಮಂತ್ರಿಯಾಗುವವರು ಪ್ರಮಾಣವಚನ ಸ್ವೀಕರಿಸುತ್ತಾರೆ. ಶಾಲೆಯ ಮಕ್ಕಳು ಏಕವಚನ, ಬಹುವಚನ ಬರೆದು ಕಲಿಯುತ್ತಾರೆ. ಅದೇ ಏಕವಚನವನ್ನು ಸಂತೆಯಲ್ಲಿ ಹಿರಿಯರೊಬ್ಬರ ಮೇಲೆ ಪ್ರಯೋಗಿಸಿದರೆ ಜಗಳವಾಗುತ್ತದೆ. ಶಿಕಾರಿಪುರ, ಸೊರಬದ ಕಡೆಯವರಿಗೆ ಮಾತ್ರ ವಚನ ಅಂದೊಡನೆ ಮೊದಲು ನೆನಪಾಗುವುದು ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ.

ಅಲ್ಲಮನಿಗಿಂತ ಮೊದಲೇ ಈ ಪದ ಈ ನೆಲದಲ್ಲಿತ್ತು, ಅರ್ಥ ಮಾತ್ರ ಬೇರೆ. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದ ಶಾಸನಗಳನ್ನು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು ಮತ್ತು ಎಂಟನೆಯ ಸಂಪುಟಗಳಾಗಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಕಾಣುವಂತೆ, ಹಳಗನ್ನಡದ ಶಾಸನಕವಿ ಕಂದಪದ್ಯಕ್ಕೆ ‘ಕಂ’, ವೃತ್ತಕ್ಕೆ ‘ವೃ’ ಎಂದು ಗುರುತು ಹಾಕುವ ಹಾಗೆ ಗದ್ಯಕ್ಕೆ ‘ವ’ ಎಂದು ಹಾಕುತ್ತಿದ್ದ. ಚಂಪೂಕಾವ್ಯದಲ್ಲೂ ಹಾಗೆಯೇ. ಎ.ಆರ್. ಕೃಷ್ಣಶಾಸ್ತ್ರಿಗಳು ತಮ್ಮ ಗದ್ಯ ಮಹಾಭಾರತಕ್ಕೆ ‘ವಚನಭಾರತ’ ಎಂದು ಹೆಸರಿಟ್ಟದ್ದು ಈ ಹಳೆಯ ಅರ್ಥದಲ್ಲೇ. ಪಂಡಿತರ ಲೆಕ್ಕದಲ್ಲಿ ವಚನವೆಂದರೆ ಪದ್ಯವಲ್ಲದ್ದು, ಎರಡು ಪದ್ಯಗಳ ನಡುವೆ ಕಥೆಯನ್ನು ದಾಟಿಸುವ ಮಾತು. ಹನ್ನೆರಡನೆಯ ಶತಮಾನದ ಶರಣರು ಅಂಥ ಪದವನ್ನು ಮೇಲಕ್ಕೆತ್ತಿ ನಿಲ್ಲಿಸಿದರು.

ಇಂಥ ಮೇಲೇರಿಕೆ ಬೇರೆ ಕಡೆಯೂ ಆಗಿದೆ. ಇಂಗ್ಲಿಷಿನ ‘ಪಂಕ್’ ಶೇಕ್ಸ್‌ಪಿಯರನ ಕಾಲದಲ್ಲಿ ವೇಶ್ಯೆಗೆ ಹೇಳುತ್ತಿದ್ದ ಮಾತು; ಆಮೇಲೆ ಕೆಲಸಕ್ಕೆ ಬಾರದ ಪೋಕರಿಗೆ ಅಂಟಿತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಂಗೀತ ವಿಮರ್ಶಕರು ಅದನ್ನು ಒರಟು ರಾಕ್ ಸಂಗೀತಕ್ಕೆ ಅಂಟಿಸಿದರು. 1976ರಲ್ಲಿ ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ಆಲ್ಬಂ ಬಂತು, 1977ರಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡದ್ದು. ಆಗ ಶುರುವಾದ ವಾದ ಇನ್ನೂ ನಿಂತಿಲ್ಲ. ಹಾರ್ಡ್‌ಕೋರ್, ಪೋಸ್ಟ್ ಪಂಕ್, ಪಾಪ್ ಪಂಕ್ ಎಂದು ಕವಲುಗಳು ಒಡೆದವು. ಇದು ಪಂಕ್ ಹೌದೋ ಅಲ್ಲವೋ ಎಂದು ಕೇಳುಗರು ಈಗಲೂ ಕಾದಾಡುತ್ತಾರೆ. ಗಿಟಾರಿನ ಮೂರು ಸ್ವರಮೇಳ ಬಂದರೆ ಸಾಕು, ತಂಡ ಕಟ್ಟಿ ಎಂಬುದು ಪಂಕ್ ಹಾಡುಗಾರರ ಧೈರ್ಯದ ಮಾತಾಗಿತ್ತು. ಛಂದಸ್ಸಿನ ಗಣವಾಗಲಿ ತಾಳದ ಲೆಕ್ಕವಾಗಲಿ ತನಗೆ ತಿಳಿಯದು, ಒಲಿದ ಹಾಗೆ ಹಾಡುತ್ತೇನೆ ಎಂಬ ಅರ್ಥದ ಮಾತನ್ನು ಬಸವಣ್ಣ ಎಂಟು ಶತಮಾನಗಳ ಹಿಂದೆಯೇ ಆಡಿದ್ದ. ಕಲಿತವರ ಅಪ್ಪಣೆಗೆ ಕಾಯದ ಈ ಎದೆಗಾರಿಕೆಯ ಮಟ್ಟಿಗೆ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ ಎಂದು ನಾನು ನಂಬುತ್ತೇನೆ.

ವಚನದ ಒಳಗೂ ಕವಲುಗಳುಂಟು. ಒಗಟಿನ ಹಾಗೆ ಅರ್ಥವನ್ನು ಮುಚ್ಚಿಟ್ಟದ್ದು ಬೆಡಗಿನ ವಚನ, ಪಲ್ಲವಿ ಇಟ್ಟು ಹಾಡುವುದು ಸ್ವರವಚನ, ಮುಂದಾಗುವುದನ್ನು ನುಡಿಯುವುದು ಕಾಲಜ್ಞಾನ ವಚನ. ‘ಸರಳವಾಗಿ ಎಲ್ಲರಿಗೂ ತಿಳಿಯುವಂತಿದ್ದರೆ ಮಾತ್ರ ವಚನ’ ಎನ್ನುವವರ ಮುಂದೆ ಅಲ್ಲಮನ ಬೆಡಗನ್ನು ಇಡಬೇಕು. ಹರಿಹರನ ರಗಳೆಯ ಪ್ರಕಾರ ಅವನು ಮದ್ದಳೆ ಬಾರಿಸುವವನು, ಕಮಲತೆಯನ್ನು ಪ್ರೀತಿಸಿ ಕಳೆದುಕೊಂಡವನು. ಲಯ ಗೊತ್ತಿದ್ದ ಆ ಕೈಯೇ ವಚನದಲ್ಲಿ ಲಯವನ್ನು ಬೇಕೆಂದೇ ಮುರಿಯುತ್ತದೆ, ಓದುಗನನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸುತ್ತದೆ. ಅಕ್ಕನ ದಾರಿ ಬೇರೆ: ಚೆನ್ನಮಲ್ಲಿಕಾರ್ಜುನನ ಜೊತೆ ನೇರ ಮಾತು, ಮುಚ್ಚುಮರೆಯಿಲ್ಲದ ಹಂಬಲ. ಒಂದೇ ತಾಲ್ಲೂಕಿನ ಇಬ್ಬರು ಇಷ್ಟು ದೂರ ನಿಂತು ಬರೆದದ್ದೆಲ್ಲ ವಚನವೇ ಆದಮೇಲೆ, ಆಕಾರ ನೋಡಿ ತೀರ್ಪು ಕೊಡುವುದು ಸಾಧ್ಯವಿಲ್ಲ. ಎ.ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಇಂಗ್ಲಿಷ್ ಅನುವಾದದ ಪುಸ್ತಕಕ್ಕೆ ಆರಿಸಿಕೊಂಡ ನಾಲ್ವರಲ್ಲಿ ಇವರಿಬ್ಬರೂ ಇದ್ದಾರೆ.

ಹಾಗಾದರೆ ಇದು ಶಾಸ್ತ್ರವೋ ಕಾವ್ಯವೋ? ಓಲೆಗರಿಗಳನ್ನು ಮನೆಮನೆಯಿಂದ ಕೂಡಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ತಮ್ಮ ಪುಸ್ತಕವನ್ನು ‘ವಚನ ಶಾಸ್ತ್ರ ಸಾರ’ ಎಂದು ಕರೆದರು. ಮುಂದೆ ‘ವಚನ ಸಾಹಿತ್ಯ’ ಎಂಬ ಮಾತೇ ರೂಢಿಗೆ ಬಂತು. ಸರ್ಕಾರ ಹೊರತಂದ ಹದಿನೈದು ಸಮಗ್ರ ಸಂಪುಟಗಳೂ ಸಾಹಿತ್ಯವೆಂದೇ ಕಪಾಟು ಸೇರಿದವು. ಮಲ್ಲಿಕಾರ್ಜುನ ಮನ್ಸೂರರು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದಾಗ ಅದು ಸಂಗೀತವೂ ಆಯಿತು. ಮೂರಕ್ಕೂ ನನ್ನ ಒಪ್ಪಿಗೆ ಇದೆ.

ಒಪ್ಪಿಗೆ ಇಲ್ಲದ್ದು ಒಂದಕ್ಕೆ. ನಾಲ್ಕಾರು ಸಾಲು ನೀತಿ ಬರೆದು ಕೊನೆಗೆ ಒಂದು ಅಂಕಿತ ಸೇರಿಸಿದರೆ ವಚನವಾಯಿತು ಎಂಬ ನಂಬಿಕೆ ಈಗ ಬಲವಾಗಿದೆ. ಸಿದ್ದಯ್ಯ ಪುರಾಣಿಕ, ಎಸ್.ವಿ. ರಂಗಣ್ಣ, ಜಚನಿ ಅವರಂಥವರು ಇಪ್ಪತ್ತನೆಯ ಶತಮಾನದಲ್ಲಿ ಈ ರೂಪವನ್ನು ಗೌರವದಿಂದ ಮುಂದುವರಿಸಿದರು. ಅವರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು, ಊರಿಗೆಲ್ಲ ಬುದ್ಧಿ ಹೇಳಿ ತನ್ನನ್ನು ಮಾತ್ರ ಹೊರಗಿಟ್ಟುಕೊಳ್ಳುವ ಬರಹಗಳ ಬಗ್ಗೆ.

ಇಲ್ಲಿ ಶಿರಾಳಕೊಪ್ಪದ ಹತ್ತಿರದ ಜಂಬೂರಿನ ಸತ್ಯಕ್ಕನನ್ನು ನೆನೆಯಬೇಕು. ಭಕ್ತರ ಅಂಗಳ ಗುಡಿಸುವುದು ಅವಳ ಕಾಯಕವೆಂದು ಪರಂಪರೆ ಹೇಳುತ್ತದೆ. ‘ಶಂಭುಜಕ್ಕೇಶ್ವರ’ ಅವಳ ಅಂಕಿತ. ಅವಳ ಒಂದು ವಚನ ಪೂರ್ತಿಯಾಗಿ ಒಂದು ಪ್ರತಿಜ್ಞೆ: ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ವಸ್ತ್ರ ಬಿದ್ದಿದ್ದರೂ ಮುಟ್ಟುವುದಿಲ್ಲ, ಮುಟ್ಟಿದರೆ ನಿಮ್ಮಾಣೆ ಎಂದು ಶಿವನ ಮುಂದೆ ಅವಳು ತನ್ನನ್ನೇ ಕಟ್ಟಿಹಾಕಿಕೊಳ್ಳುತ್ತಾಳೆ. ಆಡಿದ ಮಾತು ಮತ್ತು ಕೊಟ್ಟ ಮಾತು ಎಂಬ ಎರಡು ಅರ್ಥಗಳೂ ಅಲ್ಲಿ ಒಂದಾಗಿವೆ. ಅಲ್ಲಮನ ಒಗಟಿಗೂ ಅಕ್ಕನ ಹಂಬಲಕ್ಕೂ ಸತ್ಯಕ್ಕನ ಆಣೆಗೂ ಸಮಾನವಾದದ್ದು ಇದೇ: ಹೇಳುವವರು ತಮ್ಮ ಬಾಳನ್ನೇ ಮಾತಿನ ಹಿಂದೆ ಇಟ್ಟಿದ್ದಾರೆ. ವಚನ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಮೊದಲು ನೋಡುತ್ತೇನೆ, ಅಂಕಿತವನ್ನು ಆಮೇಲೆ.

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಶಿಕ್ಷಕರಲ್ಲಿ ಒಂದು ಕೋರಿಕೆ. ವಚನ ಗಾಯನ, ವಚನ ಕಂಠಪಾಠ ಸ್ಪರ್ಧೆ ಇಡುವಾಗ ಬಸವಣ್ಣ, ಅಕ್ಕ, ಅಲ್ಲಮರ ಜೊತೆಗೆ ಸತ್ಯಕ್ಕನ ಆ ವಚನವನ್ನೂ ಸೇರಿಸಿ. ಅವಳು ನಮ್ಮೂರಿನವಳು ಎಂದು ಮಕ್ಕಳಿಗೆ ಹೇಳಿ.